ಆಂಪ್ಲಿಫೈಯರ್ ಇಡೋಕೆ ಯಾವ ಸ್ಟ್ಯಾಂಡ್? ಶೋಕೇಸ್, ಪ್ಲೈವುಡ್, ಕಬ್ಬಿಣ, ಗ್ರಾನೈಟ್

ಹಾಡು ಕೇಳುವ ಸೆಟ್ಟಿಗೆ ಕೈತುಂಬ ದುಡ್ಡು ಸುರಿದವರೂ ಅದನ್ನು ಎಲ್ಲಿ ಇಡೋದು ಅಂತ ಯೋಚಿಸುವುದು ಕೊನೆಗೆ. ಆಂಪ್ಲಿಫೈಯರ್ ಮನೆಗೆ ಬಂದ ದಿನ ಕೈಗೆ ಸಿಕ್ಕ ಟೀಪಾಯಿ ಮೇಲೆ ಕೂರುತ್ತದೆ. ಆಮೇಲೆ ಅದೇ ಅದರ ಜಾಗ. ಇನ್ನು ಕೆಲವರು ಇದಕ್ಕೆ ತದ್ವಿರುದ್ಧ. ಸ್ಟ್ಯಾಂಡ್ ಬದಲಾಯಿಸಿದರೆ ಸೌಂಡೇ ಬದಲಾಗುತ್ತೆ ಅಂತ ಎಲ್ಲೋ ಓದಿ, ಆಂಪ್ಲಿಫೈಯರ್‌ಗೆ ಕೊಟ್ಟಷ್ಟೇ ದುಡ್ಡನ್ನು ರ್ಯಾಕ್‌ಗೂ ಕೊಡುತ್ತಾರೆ.

ತುಮಕೂರಿನಲ್ಲಿ ಇರುವವರಿಗೆ ಈ ಎರಡೂ ಬೇಕಾಗಿಲ್ಲ. ರ್ಯಾಕ್ ಮಾಡಬೇಕಾದ ಕೆಲಸ ನಾಲ್ಕೇ: ಗಾಳಿ ಆಡಲು ಬಿಡಬೇಕು, ಭಾರ ಹೊರಬೇಕು, ಮಟ್ಟವಾಗಿ ನಿಲ್ಲಬೇಕು, ಹಿಂದೆ ಕೈ ಹಾಕಲು ಜಾಗ ಕೊಡಬೇಕು. ಸೌಂಡಿನ ಮಾತು ಬರುವುದು ಮನೆಯಲ್ಲಿ ರೆಕಾರ್ಡ್ ತಿರುಗಿಸುವ ಟರ್ನ್‌ಟೇಬಲ್ ಇದ್ದರೆ ಮಾತ್ರ. ವಾಲ್ವ್ ಆಂಪ್ಲಿಫೈಯರ್ (ಹಳೇ ರೇಡಿಯೊದಂತೆ ಗಾಜಿನ ವಾಲ್ವ್ ಇರುವಂಥದ್ದು) ಇಟ್ಟುಕೊಂಡವರಿಗೂ ಸ್ವಲ್ಪ ಮಟ್ಟಿಗೆ ಅನ್ವಯಿಸುತ್ತದೆ. ಉಳಿದಂತೆ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್, ಸಿಡಿ ಪ್ಲೇಯರ್, ಬ್ಲೂಟೂತ್ ಡಬ್ಬಿ ಇವೆಲ್ಲ ಕೆಳಗಿರುವುದು ತೇಗವೋ ತಗಡೋ ಅಂತ ಕೇಳುವುದಿಲ್ಲ.

ಇನ್ನೊಂದು ವಿಷಯ. ಸ್ಟ್ಯಾಂಡ್‌ಗಳ ಬಗ್ಗೆ ಸಿಗುವ ಸಲಹೆಯಲ್ಲಿ ಅರ್ಧಕ್ಕರ್ಧ ಮರದ ನೆಲದ ಮನೆಗಳಲ್ಲಿ ಕೂತು ಬರೆದದ್ದು. ಆ ಮನೆಗಳಲ್ಲಿ ಒಬ್ಬರು ನಡೆದು ಹೋದರೆ ನೆಲ ಅದುರುತ್ತದೆ, ರೆಕಾರ್ಡಿನ ಮೇಲಿನ ನೀಡಲ್ ಜಿಗಿಯುತ್ತದೆ. ಅದಕ್ಕೇ ಅವರು ರ್ಯಾಕ್‌ನ ಕಾಲಿಗೆ ಚೂಪಾದ ಕಬ್ಬಿಣದ ಮೊಳೆ ಹಾಕುತ್ತಾರೆ. ನಮ್ಮ ಮನೆಗಳ ನೆಲ ರೆಡ್ ಆಕ್ಸೈಡ್, ಇಲ್ಲವೇ ಕಡಪ ಕಲ್ಲು, ಇಲ್ಲವೇ ವಿಟ್ರಿಫೈಡ್ ಟೈಲ್ಸ್. ಅದರ ಕೆಳಗೆ ಕಾಂಕ್ರೀಟ್. ಮಕ್ಕಳು ಕುಣಿದರೂ ನೆಲ ಹೆಚ್ಚು ಅಲ್ಲಾಡುವುದಿಲ್ಲ. ಟೈಲ್ಸ್ ಮೇಲೆ ಮೊಳೆಗಾಲು ಇಟ್ಟರೆ ಲಾಭ ಏನೂ ಇಲ್ಲ, ಟೈಲ್ಸ್‌ಗೆ ಗೀರು ಬೀಳುವುದಂತೂ ಖಂಡಿತ. ಚಿಕ್ಕಪೇಟೆ ಕಡೆಯ ಹಳೇ ಮನೆ, ಮರದ ತೊಲೆ ಮೇಲೆ ಹಲಗೆ ಹಾಸಿದ ಮಹಡಿ, ಅಂಥ ಕಡೆ ಇದ್ದೀರಾ? ಹಾಗಾದರೆ ನಿಮ್ಮ ಲೆಕ್ಕ ಬೇರೆ. ಅದನ್ನು ಟರ್ನ್‌ಟೇಬಲ್ ಭಾಗದಲ್ಲಿ ಹೇಳುತ್ತೇನೆ.

ಮೊದಲು ಟೇಪು ಹಿಡಿಯಿರಿ

ಅಂಗಡಿಗೆ ಹೋಗುವ ಮುಂಚೆ ನಿಮ್ಮ ಸಾಮಾನು ಅಳೆದುಕೊಳ್ಳಿ. ಪೂರ್ತಿ ಅಗಲದ ಆಂಪ್ಲಿಫೈಯರ್, ರಿಸೀವರ್ (ಟಿವಿ, ಸಿನಿಮಾ ಸೌಂಡನ್ನೂ ನೋಡಿಕೊಳ್ಳುವ ಆಂಪ್ಲಿಫೈಯರ್), ಸಿಡಿ ಪ್ಲೇಯರ್ ಸಾಮಾನ್ಯವಾಗಿ 43ರಿಂದ 44 ಸೆಂ.ಮೀ ಅಗಲ ಇರುತ್ತವೆ. ಆಳ 35ರಿಂದ 40. ಅದರ ಹಿಂದೆ ಸ್ಪೀಕರ್ ವೈರು, ಪವರ್ ಕೇಬಲ್, ಎಚ್‌ಡಿಎಂಐ ಪಿನ್ನು ಇವಕ್ಕೆ ಇನ್ನೂ 7–8 ಸೆಂ.ಮೀ ಬೇಕು. ಎಲ್ಲರೂ ಮರೆಯುವುದು ಇದನ್ನೇ. ಹಾಗಾಗಿ ಎರಡಡಿ ಅಗಲ, ಒಂದೂವರೆ ಅಡಿ ಆಳದ ಹಲಗೆ ಇದ್ದರೆ ಹೆಚ್ಚಿನವು ಕೂರುತ್ತವೆ. ಹದಿನಾಲ್ಕು ಇಂಚು ಆಳದ ಟಿವಿ ಯೂನಿಟ್ ತಂದರೆ ಆಂಪ್ಲಿಫೈಯರ್‌ನ ಮುಂಗಾಲು ಅಂಚಿಗೆ ಬರುತ್ತದೆ.

ಎತ್ತರದ ಲೆಕ್ಕ ಇನ್ನೂ ಮುಖ್ಯ. ಯಮಹಾದ ಹಲವು ರಿಸೀವರ್‌ಗಳ ಕೈಪಿಡಿಯಲ್ಲಿ ಮೇಲೆ 30 ಸೆಂ.ಮೀ, ಪಕ್ಕ ಮತ್ತು ಹಿಂದೆ 20 ಸೆಂ.ಮೀ ಖಾಲಿ ಬಿಡಿ ಅಂತ ಬರೆದಿರುತ್ತದೆ. ಅಷ್ಟು ಬಿಡುವವರು ಕಡಿಮೆ. ನಾಲ್ಕೂ ಕಡೆ ತೆರೆದ ರ್ಯಾಕ್ ಆದರೆ ಮೇಲೆ ಅರ್ಧ ಅಡಿ ಬಿಟ್ಟರೂ ನಡೆಯುತ್ತದೆ ಅನ್ನುವುದು ನನ್ನ ಅನಿಸಿಕೆ. ಮುಚ್ಚಿದ ಪೆಟ್ಟಿಗೆಯಾದರೆ ಕೈಪಿಡಿಯ ಲೆಕ್ಕವನ್ನೇ ಹಿಡಿಯಿರಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಹಾಡು ಹಾಕದೆ ಸುಮ್ನೆ ಆನ್ ಮಾಡಿಟ್ಟರೂ ಒಂದು ಸಾಧಾರಣ ಹೋಮ್ ಥಿಯೇಟರ್ ರಿಸೀವರ್ 40–50 ವ್ಯಾಟ್ ಎಳೆಯುತ್ತದೆ. ಅದೆಲ್ಲ ಬಿಸಿಯಾಗಿಯೇ ಹೊರಗೆ ಬರಬೇಕು. ಇಂಥ ರಿಸೀವರ್‌ಗಳಲ್ಲಿ ಹಲವನ್ನು 35 ಡಿಗ್ರಿವರೆಗಿನ ಕೋಣೆಗೆ ಅಂತ ಮಾಡಿರುತ್ತಾರೆ. ಏಪ್ರಿಲ್‌ನಲ್ಲಿ ನಮ್ಮಲ್ಲಿ ಹೊರಗಡೆಯೇ 35 ದಾಟುತ್ತದೆ. ಒಳಗಿರುವ ಎಲೆಕ್ಟ್ರೋಲೈಟಿಕ್ ಕೆಪ್ಯಾಸಿಟರ್‌ಗಳ (ಕರೆಂಟನ್ನು ಹಿಡಿದಿಟ್ಟು ಕೊಡುವ ಪುಟ್ಟ ಡಬ್ಬಿಗಳು) ಆಯಸ್ಸು 10 ಡಿಗ್ರಿ ಬಿಸಿ ಹೆಚ್ಚಾದಾಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ರಿಪೇರಿಗೆ ಬರುವ ಸೆಟ್‌ಗಳಲ್ಲಿ ತಲೆ ಉಬ್ಬಿದ ಕೆಪ್ಯಾಸಿಟರ್ ಕಂಡರೆ ಆ ಸೆಟ್ ಎಲ್ಲಿತ್ತು ಅಂತ ಒಮ್ಮೆ ಕೇಳಿ ನೋಡಿ.

ಹಾಲ್‌ನ ಶೋಕೇಸ್

ಬಹಳ ಮನೆಗಳಲ್ಲಿ ಉತ್ತರ ಆಗಲೇ ಗೋಡೆಗೆ ಅಂಟಿಕೊಂಡಿರುತ್ತದೆ. ಮನೆ ಕಟ್ಟಿಸುವಾಗಲೇ ಮಾಡಿಸಿದ ಶೋಕೇಸ್, ಮಧ್ಯೆ ಟಿವಿ, ಪಕ್ಕದಲ್ಲಿ ಗಾಜಿನ ಬಾಗಿಲಿನ ಖಾನೆಗಳು, ಒಳಗೆ ಮಕ್ಕಳು ಗೆದ್ದ ಕಪ್ಪು, ಗೊಂಬೆ. ಅದರಲ್ಲೇ ಒಂದು ಖಾನೆ ಖಾಲಿ ಮಾಡಿ ರಿಸೀವರ್ ಇಟ್ಟರೆ ದುಡ್ಡು ಖರ್ಚಿಲ್ಲ, ಧೂಳಿಲ್ಲ, ಹಲ್ಲಿ ಕಾಟವೂ ಇಲ್ಲ. ಹಲ್ಲಿಯನ್ನು ಹಗುರವಾಗಿ ತಗೋಬೇಡಿ. ಬೆಚ್ಚಗಿದೆ ಅಂತ ಜಾಲರಿಯೊಳಗೆ ನುಗ್ಗಿ, ಸರ್ಕ್ಯೂಟ್ ಮೇಲೆ ಓಡಾಡಿ, ತಾನೂ ಸತ್ತು ಸೆಟ್ಟನ್ನೂ ಸುಡುತ್ತದೆ.

ಆದರೆ ಗಾಜಿನ ಬಾಗಿಲು ಮುಚ್ಚಿದರೆ ಗಾಳಿ ಎಲ್ಲಿಂದ? ನಮ್ಮ ಬೀದಿಯಲ್ಲೇ ಒಬ್ಬರ ಮನೆಯಲ್ಲಿ ಬೇಸಿಗೆಯ ಮಧ್ಯಾಹ್ನ ಸಿನಿಮಾ ಅರ್ಧಕ್ಕೆ ಬರುವಷ್ಟರಲ್ಲಿ ರಿಸೀವರ್ ತಾನಾಗಿ ಆಫ್ ಆಗುತ್ತಿತ್ತು. ಸಂಜೆ ಸರಿ. ರಿಪೇರಿಗೆ ತೋರಿಸಿದರೆ ಏನೂ ತೊಂದರೆ ಇಲ್ಲ ಅಂದರಂತೆ. ತೊಂದರೆ ಇದ್ದದ್ದು ಖಾನೆಯಲ್ಲಿ. ಖಾನೆಯ ಹಿಂದಿನ ಪ್ಲೈಗೆ ಮೇಲುಗಡೆ ಒಂದು, ಕೆಳಗಡೆ ಒಂದು ಅಂಗೈ ಅಗಲದ ಕಿಂಡಿ ಕೊರೆಸಿ, ಸೆಟ್ ಓಡುವಾಗ ಬಾಗಿಲು ತೆಗೆದಿಟ್ಟ ಮೇಲೆ ಆಫ್ ಆಗುವುದು ನಿಂತಿತು. ಕಿಂಡಿ ಎರಡೂ ಬೇಕು. ಬಿಸಿಗಾಳಿ ಮೇಲಿಂದ ಹೋಗಬೇಕಾದರೆ ತಣ್ಣನೆಯದು ಕೆಳಗಿಂದ ಬರಬೇಕಲ್ವಾ? ಕಿಂಡಿಗೆ ಸೊಳ್ಳೆ ಪರದೆಯ ಜಾಲರಿ ಹೊಡೆಸಿ, ಹಲ್ಲಿಗೂ ತಡೆ. ಆದರೆ ಶೋಕೇಸ್‌ನ ಬೆನ್ನು ಗೋಡೆಗೇ ಅಂಟಿದ್ದರೆ ಹಿಂದೆ ಕೊರೆದು ಪ್ರಯೋಜನವಿಲ್ಲ, ಪಕ್ಕದ ಹಲಗೆಯಲ್ಲಿ ಕೊರೆಸಬೇಕು. ಹೊಸದಾಗಿ ಬಾಗಿಲು ಮಾಡಿಸುವವರು ಗಾಜಿನ ಬದಲು ಬೆತ್ತದ ಹೆಣಿಗೆ ಹಾಕಿಸಬಹುದು. ಗಾಳಿಯೂ ಆಡುತ್ತದೆ, ಹೆಣಿಗೆ ದಟ್ಟವಾಗಿಲ್ಲದಿದ್ದರೆ ರಿಮೋಟೂ ಕೆಲಸ ಮಾಡುತ್ತದೆ.

ಶೋಕೇಸ್‌ನ ಎರಡನೇ ತೊಂದರೆ ಹಿಂಬದಿ. ಒಂದು ವೈರು ಬದಲಾಯಿಸಬೇಕಾದರೆ ಹತ್ತು ಕೆಜಿ ಸೆಟ್ಟನ್ನು ಹೊರಗೆಳೆದು, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ತಡಕಾಡಬೇಕು. ಒಮ್ಮೆ ಜೋಡಿಸಿ ಮರೆತುಬಿಡುವವರಿಗೆ ಪರವಾಗಿಲ್ಲ. ದಿನಕ್ಕೊಂದು ವೈರು ಬದಲಾಯಿಸುವ ಚಟ ಇದ್ದವರಿಗೆ ಇದು ಆಗಿಬರುವುದಿಲ್ಲ.

ಪ್ಲೈವುಡ್ಡಾ, ಒತ್ತು ಹಲಗೆಯಾ

ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಟಿವಿ ಯೂನಿಟ್‌ಗಳಲ್ಲಿ ಹೆಚ್ಚಿನವು ಪಾರ್ಟಿಕಲ್ ಬೋರ್ಡ್. ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ್ದು. ನೋಡಲು ಚೆಂದ. ನೆಲ ಒರೆಸುವ ನೀರು ಕಾಲಿಗೆ ತಾಗಿ ತಾಗಿ ಒಂದೆರಡು ವರ್ಷಕ್ಕೆ ಅಂಚು ಉಬ್ಬುತ್ತದೆ. ಸ್ಕ್ರೂ ಒಮ್ಮೆ ಬಿಚ್ಚಿದರೆ ಮತ್ತೆ ಬಿಗಿಯಾಗಿ ಕೂರುವುದಿಲ್ಲ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಇದಕ್ಕಿಂತ ಗಟ್ಟಿ, ನೀರಿನ ವಿಷಯದಲ್ಲಿ ಅದೂ ಅಷ್ಟಕ್ಕಷ್ಟೇ.

ಇದರಲ್ಲಿ ಮುಖ್ಯವಾಗಿ ನೋಡಬೇಕಾದ್ದು ಹಲಗೆಯ ಉದ್ದ. ಎರಡು ಆಧಾರಗಳ ನಡುವಿನ ಅಂತರ ಎರಡರಷ್ಟಾದರೆ, ಅದೇ ಭಾರಕ್ಕೆ ಹಲಗೆ ಬಗ್ಗುವುದು ಎಂಟರಷ್ಟು. ಎರಡಡಿಯ ಹಲಗೆಯಲ್ಲಿ ಕಣ್ಣಿಗೇ ಕಾಣದ ಬಾಗು ನಾಲ್ಕಡಿಯಲ್ಲಿ ಎದ್ದು ಕಾಣುತ್ತದೆ. ಹಾಗಾಗಿ ಉದ್ದದ ಯೂನಿಟ್ ತಗೊಳ್ಳುವುದಾದರೆ ಆಂಪ್ಲಿಫೈಯರ್ ಬರುವ ಜಾಗದ ಪಕ್ಕದಲ್ಲೇ ನಿಂತ ಹಲಗೆಯ ಆಧಾರ ಇದೆಯಾ ಅಂತ ನೋಡಿ.

ಬಡಗಿ ಹತ್ತಿರ ಮಾಡಿಸುವುದಾದರೆ 18 ಎಂಎಂ ಪ್ಲೈವುಡ್ ಸಾಕು. ಪ್ಲೈ ಮೇಲಿನ ಐಎಸ್‌ಐ ಗುರುತು ನೋಡಿ. ಐಎಸ್ 303 ಅಂದರೆ ಸಾಮಾನ್ಯ ಬಳಕೆಯದು, ಐಎಸ್ 710 ಅಂದರೆ ನೀರು ತಡೆಯುವ ಮರೈನ್ ಪ್ಲೈ. ಹಾಲ್‌ನಲ್ಲಿಡುವ ರ್ಯಾಕ್‌ಗೆ ಮರೈನ್ ಬೇಕಾಗಿಲ್ಲ. ಆದರೆ ಗೆದ್ದಲಿನ ಮನೆಯಾದರೆ ಯಾವ ಪ್ಲೈ ತಂದರೂ ಕಾಲು ಮಾತ್ರ ಕಬ್ಬಿಣದ್ದು ಹಾಕಿಸಿ. ಮನೆಯಲ್ಲಿ ಹಳೇ ಹಲಸಿನ ಹಲಗೆ, ಬಾಗಿಲು ಬಿಚ್ಚಿದ ತೇಗ ಇದ್ದರೆ ಕೇಳೋದೇ ಬೇಡ, ಅದಕ್ಕಿಂತ ಚೆನ್ನಾದ್ದು ಅಂಗಡಿಯಲ್ಲಿ ಸಿಗುವುದಿಲ್ಲ.

ವೆಲ್ಡಿಂಗ್ ಶಾಪ್, ಮೇಲೊಂದು ಕಲ್ಲು

ನನ್ನ ಓಟು ಇದಕ್ಕೆ. ಶಿರಾ ಗೇಟ್ ಕಡೆ ಹೋಗಲಿ, ಕ್ಯಾತ್ಸಂದ್ರದ ಕಡೆ ಹೋಗಲಿ, ಕಿಟಕಿ ಗ್ರಿಲ್ ಮಾಡುವ ವೆಲ್ಡಿಂಗ್ ಶಾಪ್‌ಗೇನೂ ಬರವಿಲ್ಲ. ಗ್ರಾನೈಟ್‌ಗೂ ಅಷ್ಟೇ. ಅಡುಗೆಮನೆ ಕಟ್ಟೆಗೆ ಕುಯ್ದು ಉಳಿದ ತುಂಡುಗಳು ಅಂಗಡಿಗಳ ಹಿಂದೆ ಒರಗಿಸಿಟ್ಟಿರುತ್ತವೆ. ಎರಡಡಿಗೆ ಒಂದೂವರೆ ಅಡಿ ಅಂದರೆ ಅವರಿಗೆ ಅದು ವೇಸ್ಟ್. ಚೌಕಾಸಿ ಮಾಡಲು ಜಾಗ ಇದೆ.

ವೆಲ್ಡಿಂಗ್‌ನವರಿಗೆ ಏನು ಹೇಳಬೇಕು ಅಂದರೆ: ಒಂದಿಂಚಿನ ಚೌಕ ಪೈಪು, 16 ಗೇಜು, ಎತ್ತರ ಎರಡೂವರೆ ಅಡಿ, ಮೂರು ಅಂತಸ್ತು. ಪ್ರತಿ ಅಂತಸ್ತಿಗೂ ಬರೀ ಚೌಕಟ್ಟು ಸಾಕು, ತಗಡು ಬೇಡ. ಕಲ್ಲು ಚೌಕಟ್ಟಿನ ಮೇಲೆ ಕೂರುತ್ತದೆ. ಕಾಲಿನ ತುದಿಗೆ ಒಂದೊಂದು ನಟ್ ವೆಲ್ಡ್ ಮಾಡಿಸಿ, ಅದಕ್ಕೆ ಬೋಲ್ಟ್ ಹಾಕಿದರೆ ತಿರುಗಿಸಿ ಎತ್ತರ ಸರಿಮಾಡಬಹುದು. ಇದನ್ನು ಮಾತ್ರ ಬಿಡಬೇಡಿ. ನಮ್ಮ ಮನೆಗಳ ನೆಲ ನೀರು ಹರಿಯಲಿ ಅಂತ ಸ್ವಲ್ಪ ಇಳಿಜಾರಾಗಿಯೇ ಇರುತ್ತದೆ.

ಇಂಥ ಚೌಕಟ್ಟಿಗೆ ಸುಮಾರು ಒಂಬತ್ತೂ ಕಾಲು ಮೀಟರ್ ಪೈಪು ಹಿಡಿಯುತ್ತದೆ, ತೂಕ 11 ಕೆಜಿ ಆಸುಪಾಸು. ವೆಲ್ಡಿಂಗ್‌ನವರು ಸಾಮಾನ್ಯವಾಗಿ ಕೆಜಿ ಲೆಕ್ಕದಲ್ಲಿ ದುಡ್ಡು ಕೇಳುವುದರಿಂದ ಈ ಅಂಕಿ ಕೈಯಲ್ಲಿರಲಿ. 18 ಎಂಎಂ ಗ್ರಾನೈಟ್ ಆ ಅಳತೆಗೆ ಒಂದೊಂದೂ 13 ಕೆಜಿ ತೂಗುತ್ತದೆ. ಮೂರು ಸೇರಿ 40ರ ಹತ್ತಿರ. ಒಟ್ಟು 50 ಕೆಜಿಯ ರ್ಯಾಕ್. ಮಗು ಹಿಡಿದು ನಿಂತರೂ ಸುಲಭಕ್ಕೆ ಅಲ್ಲಾಡುವುದಿಲ್ಲ. ಆದರೆ ಒಬ್ಬರೇ ಸರಿಸಲಿಕ್ಕೂ ಆಗುವುದಿಲ್ಲ. ದೀಪಾವಳಿಗೆ ಮನೆ ಗುಡಿಸುವಾಗ ಅದರ ಹಿಂದೆ ಪೊರಕೆ ಹೋಗುವಷ್ಟು ಜಾಗ ಬಿಟ್ಟೇ ಇಡಿ.

ಕಲ್ಲಿನ ಒಂದು ದೋಷ ಹೇಳಲೇಬೇಕು. ಗ್ರಾನೈಟ್ ತುಂಡನ್ನು ಒಂದು ತುದಿ ಹಿಡಿದು ನೇತಾಡಿಸಿ, ಬೆರಳಿನ ಗೆಣ್ಣಿನಿಂದ ಕುಟ್ಟಿ ನೋಡಿ. ಟಣ್ ಅನ್ನುತ್ತದೆ, ಆ ದನಿ ಒಂದು ಕ್ಷಣ ಉಳಿಯುತ್ತದೆ. ಅದನ್ನೇ ಬರಿಯ ಕಬ್ಬಿಣದ ಮೇಲೆ ಇಟ್ಟರೆ ಜೋರು ಬೇಸ್‌ಗೆ ಕಟಕಟ ಅನ್ನಲೂಬಹುದು. ಚೌಕಟ್ಟಿನ ನಾಲ್ಕು ಮೂಲೆಗೆ ಕಾರ್ಕ್ ತುಂಡೋ, ವಾಷಿಂಗ್ ಮೆಷಿನ್ ಕೆಳಗೆ ಹಾಕುವ ರಬ್ಬರ್ ಪ್ಯಾಡೋ, ಅದೂ ಇಲ್ಲವೆಂದರೆ ಹಳೇ ಸೈಕಲ್ ಟ್ಯೂಬಿನ ಪಟ್ಟಿಯೋ ಇಟ್ಟು ಅದರ ಮೇಲೆ ಕಲ್ಲು ಕೂರಿಸಿ ಮತ್ತೆ ಕುಟ್ಟಿ. ಈಗ ಬರುವುದು ಟಣ್ ಅಲ್ಲ, ಡಬ್. ಇಷ್ಟೇ ಉಪಾಯಕ್ಕೆ ಅಂಗಡಿಯಲ್ಲಿ ಆಡಿಯೊ ಪ್ಯಾಡ್ ಅಂತ ಹೆಸರಿಟ್ಟು ಸಾವಿರಗಟ್ಟಲೆ ಕೀಳುತ್ತಾರೆ.

ಬಣ್ಣಕ್ಕೆ ಪೌಡರ್ ಕೋಟಿಂಗ್ ಆದರೆ ಒಳ್ಳೆಯದು. ಆಗದಿದ್ದರೆ ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು, ಪೂರ್ತಿ ಒಣಗಿದ ಮೇಲೆ ಕಪ್ಪು ಎನಾಮಲ್. ಪೈಪಿನ ಬಾಯಿ ಮುಚ್ಚಿಸಿ, ಇಲ್ಲದಿದ್ದರೆ ಇರುವೆಗೂ ಜಿರಳೆಗೂ ನೀವೇ ಮನೆ ಕಟ್ಟಿಕೊಟ್ಟ ಹಾಗೆ. ಅಂದಹಾಗೆ, ವೈಫೈ ಅಥವಾ ಬ್ಲೂಟೂತ್ ಡಬ್ಬಿಯನ್ನು ಕಬ್ಬಿಣದ ತಗಡಿನ ಪೆಟ್ಟಿಗೆಯೊಳಗೆ ಇಟ್ಟರೆ ಸಿಗ್ನಲ್ ಸಾಯುತ್ತದೆ. ತೆರೆದ ಚೌಕಟ್ಟಿನಲ್ಲಿ ಆ ತೊಂದರೆ ಇಲ್ಲ.

ರೆಡಿಮೇಡ್

ಗಾಜಿನ ಹಲಗೆಯ ರ್ಯಾಕ್ ನೋಡಲು ಚೆಂದ, ಧೂಳು ಇನ್ನೂ ಚೆಂದ ಕಾಣುತ್ತದೆ. ಅಂಗಡಿ ಗೋಡೌನ್‌ಗಳಲ್ಲಿರುವ ತೂತಿನ ಆಂಗಲ್ ರ್ಯಾಕ್ ಭಾರಕ್ಕೆ ಗಟ್ಟಿ, ಅಗ್ಗ, ಆದರೆ ತಗಡು ಗಲಗಲ ಅನ್ನುತ್ತದೆ. ತಗಡಿನ ಮೇಲೆ ಪ್ಲೈ ತುಂಡು ಹಾಸಿದರೆ ಕಡಿಮೆಯಾಗುತ್ತದೆ. ಮೈಕ್‌ಸೆಟ್‌ನವರು ಬಳಸುವ 19 ಇಂಚಿನ ರ್ಯಾಕ್ ಬೇರೆಯದೇ ಜಾತಿ. ಅದರಲ್ಲಿ ಸಾಮಾನು ಮುಂದಿನ ಕಿವಿಗೆ ಸ್ಕ್ರೂ ಹಾಕಿ ನಿಲ್ಲುತ್ತದೆ, ಒಂದೊಂದು ಅಂತಸ್ತು 44.45 ಎಂಎಂ. ಮನೆಯ ಆಂಪ್ಲಿಫೈಯರ್‌ಗೆ ಆ ಕಿವಿ ಸಾಮಾನ್ಯವಾಗಿ ಇರುವುದಿಲ್ಲ. ಬೇಡ ಬಿಡಿ.

ನಮ್ಮೂರಿನವರಿಗೆ ಒಂದು ಅನುಕೂಲ, ಪೀಠೋಪಕರಣದ ದೊಡ್ಡ ಅಂಗಡಿ ಐಕಿಯಾ ಇರುವುದು ತುಮಕೂರು ರಸ್ತೆಯಲ್ಲೇ, ಬೆಂಗಳೂರಿನ ನಾಗಸಂದ್ರದಲ್ಲಿ. 2022ರ ಜೂನ್‌ನಲ್ಲಿ ಶುರುವಾಯಿತು. ಅಲ್ಲಿನ ಲ್ಯಾಕ್ ಅನ್ನುವ ಚಿಕ್ಕ ಟೇಬಲ್ ಆಡಿಯೊ ಹುಚ್ಚಿನವರಲ್ಲಿ ಬಹಳ ಹೆಸರುವಾಸಿ. ಒಳಗೆ ಜೇನುಗೂಡಿನಂಥ ಕಾಗದದ ತುಂಬು, ಅದಕ್ಕೇ ಕೈಯಲ್ಲಿ ಎತ್ತಿದರೆ ಹಗುರ. ಹಗುರ ಟರ್ನ್‌ಟೇಬಲ್‌ಗೆ ಚೆನ್ನಾಗಿ ಹೊಂದುತ್ತದೆ, ಭಾರದ ಆಂಪ್ಲಿಫೈಯರ್‌ಗೆ ನಾನಂತೂ ಇಡುವುದಿಲ್ಲ. ಎಲ್‌ಪಿ, ಅಂದರೆ ದೊಡ್ಡ ರೆಕಾರ್ಡ್, ಜೋಡಿಸಲು ಎಲ್ಲರೂ ಕೊಳ್ಳುವುದು ಅಲ್ಲಿನ ಕ್ಯಾಲಕ್ಸ್ ಅನ್ನುವ ಖಾನೆ ಶೆಲ್ಫ್. ಒಂದೊಂದು ಖಾನೆ 33 ಸೆಂ.ಮೀ, 12 ಇಂಚಿನ ರೆಕಾರ್ಡ್ ಕವರ್ ಸಮೇತ ಸರಿಯಾಗಿ ಕೂರುತ್ತದೆ. ಆದರೆ ಒಂದಡಿ ಉದ್ದಕ್ಕೆ ಎಲ್‌ಪಿ ಒತ್ತಿ ತುಂಬಿದರೆ 20 ಕೆಜಿಯ ಹತ್ತಿರ ಹೋಗುತ್ತದೆ, ಖಾನೆಗೆ ಕಂಪನಿ ಹೇಳುವ ಮಿತಿ 13 ಕೆಜಿ. ಅಪ್ಪ, ತಾತನ ಕಾಲದ ರೆಕಾರ್ಡ್ ರಾಶಿ ಇದ್ದವರು ಇದನ್ನು ಗಮನಿಸಿ.

ಟರ್ನ್‌ಟೇಬಲ್ ಇದ್ದರೆ

ಇಲ್ಲಿ ಮಾತ್ರ ಸ್ಟ್ಯಾಂಡ್‌ನಿಂದ ಸೌಂಡ್ ನಿಜವಾಗಿಯೂ ಬದಲಾಗುತ್ತದೆ. ಯಾಕೆಂದರೆ ನೀಡಲ್‌ನ ಕೆಲಸವೇ ಅದುರನ್ನು ಹಿಡಿಯುವುದು. ಅದು ರೆಕಾರ್ಡಿನ ಗೆರೆಯ ಅದುರೋ, ಪಕ್ಕದ ಸ್ಪೀಕರ್‌ನ ಅದುರೋ ಅಂತ ಅದಕ್ಕೆ ತಿಳಿಯುವುದಿಲ್ಲ. ಸ್ಪೀಕರ್ ಮತ್ತು ಸಬ್‌ವೂಫರ್ (ಬರೀ ಬೇಸ್‌ಗೆ ಇರುವ ಸ್ಪೀಕರ್) ಅದೇ ರ್ಯಾಕ್‌ನ ಮೇಲೆ ಇಟ್ಟರೆ, ವಾಲ್ಯೂಮ್ ಏರಿಸಿದಂತೆ ಗುಂಯ್ ಅಂತ ಒಂದು ಸದ್ದು ಎದ್ದು ತಾನಾಗಿ ಬೆಳೆಯುತ್ತದೆ.

ಪರೀಕ್ಷೆ ಸುಲಭ. ಮೋಟಾರ್ ಆಫ್ ಮಾಡಿ. ನಿಂತ ರೆಕಾರ್ಡಿನ ಮೇಲೆ ನೀಡಲ್ ಇಳಿಸಿ. ವಾಲ್ಯೂಮನ್ನು ನೀವು ಕೇಳುವ ಮಟ್ಟಕ್ಕೆ ನಿಧಾನವಾಗಿ ತನ್ನಿ, ಅದಕ್ಕಿಂತ ಜಾಸ್ತಿ ಬೇಡ. ಈಗ ರ್ಯಾಕ್‌ನ ಹಲಗೆಯನ್ನು ಬೆರಳಲ್ಲಿ ಮೆಲ್ಲಗೆ ತಟ್ಟಿ. ಸ್ಪೀಕರ್‌ನಲ್ಲಿ ಧಬ್ ಅಂತ ದೊಡ್ಡದಾಗಿ ಕೇಳಿದರೆ ಆ ಹಲಗೆ ಟರ್ನ್‌ಟೇಬಲ್‌ಗೆ ಸಾಲದು. ರಬ್ಬರ್, ಕಾರ್ಕ್ ಬದಲಾಯಿಸುತ್ತಾ ಮತ್ತೆ ತಟ್ಟಿ ನೋಡಬಹುದು.

ಮಟ್ಟ ನೋಡಲು ಗಾರೆ ಕೆಲಸದವರ ರಸಮಟ್ಟವೇ ಸರಿ. ಫೋನ್‌ನಲ್ಲಿ ನೋಡಿದರೆ ಹಿಂದೆ ಉಬ್ಬಿರುವ ಕ್ಯಾಮೆರಾದಿಂದ ಅದು ಓರೆಯಾಗಿ ಕೂರುತ್ತದೆ, ಲೆಕ್ಕ ತಪ್ಪುತ್ತದೆ. ಟರ್ನ್‌ಟೇಬಲ್ ಮೇಲಿನ ಅಂತಸ್ತಿನಲ್ಲೇ ಇರಲಿ, ಮುಚ್ಚಳ ಎತ್ತಲು ಜಾಗ ಬೇಕು. ಕೆಳಗಿನ ಅಂತಸ್ತಿನಲ್ಲಿ ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ಲಿಫೈಯರ್ ಇದ್ದರೆ ಅದನ್ನು ಒಂದಡಿಯಾದರೂ ದೂರ ಇಡಿ, ಇಲ್ಲದಿದ್ದರೆ ನೀಡಲ್ ಕೂರುವ ಕಾರ್ಟ್ರಿಡ್ಜ್ ಅದರ ಹಮ್ಮಿಂಗ್ ಹಿಡಿಯುತ್ತದೆ.

ಮರದ ಮಹಡಿಯವರಿಗೆ ಗೋಡೆಗೆ ಹೊಡೆದ ಹಲಗೆಯೇ ಉಪಾಯ. ನೆಲ ಅದುರಿದರೂ ಗೋಡೆ ಅದುರುವುದಿಲ್ಲ. ಹಳೇ ಮನೆಯ ಕಲ್ಲುಗೋಡೆ, ಸುಟ್ಟ ಇಟ್ಟಿಗೆ ಗೋಡೆ ಆದರೆ ಆಂಕರ್ ಬೋಲ್ಟ್ ಭದ್ರ. ಈಗಿನ ಟೊಳ್ಳು ಬ್ಲಾಕ್ ಗೋಡೆಗೆ ಸಾಮಾನ್ಯ ಬೋಲ್ಟ್ ಹಿಡಿಯುವುದಿಲ್ಲ, ಅಂಟು ತುಂಬಿ ಕೂರಿಸುವ ಕೆಮಿಕಲ್ ಆಂಕರ್ ಬೇಕು. ಬಾಗಿಲಿನ ಪಕ್ಕದ ಗೋಡೆ ಬೇಡ. ಗಾಳಿಗೆ ಬಾಗಿಲು ಬಡಿದರೆ ಹಾಡು ಎರಡು ಸಾಲು ಹಾರುತ್ತದೆ.

ಸ್ಪೀಕರ್ ಸ್ಟ್ಯಾಂಡ್

ಅಂಗಡಿಯ ಸ್ಟ್ಯಾಂಡ್‌ಗಳು ಹೆಚ್ಚಾಗಿ ಎರಡಡಿ ಎತ್ತರ. ಸೋಫಾ ಮೇಲೆ ಕೂತವರ ಕಿವಿ ನೆಲದಿಂದ ಸುಮಾರು 95 ಸೆಂ.ಮೀ ಎತ್ತರದಲ್ಲಿರುತ್ತದೆ, ಸ್ಪೀಕರ್‌ನ ಟ್ವೀಟರ್ (ಕೀಚಲು ದನಿ ಕೊಡುವ ಚಿಕ್ಕ ಕೋನ್) ಅಲ್ಲಿಗೆ ಬರಲಿ ಅಂತ ಆ ಅಳತೆ. ಚಾಪೆ ಹಾಸಿ ಕೂತು ಕೇಳುವ ಮನೆಯಾದರೆ ಕಿವಿ 75ಕ್ಕೇ ಬರುತ್ತದೆ. ಆಗ ಒಂದೂಕಾಲು ಅಡಿಯ ಸ್ಟ್ಯಾಂಡ್ ಸಾಕು. ಇದನ್ನೂ ವೆಲ್ಡಿಂಗ್ ಶಾಪ್‌ನಲ್ಲೇ ಮಾಡಿಸಬಹುದು, ಕಾಲಿಗೆ ದಪ್ಪ ಪೈಪು ಹಾಕಿಸಿ ಒಳಗೆ ಮರಳು ತುಂಬಿ. ಮರಳು ತಾರಸಿ ಮೇಲೆ ಚೆನ್ನಾಗಿ ಒಣಗಿರಬೇಕು. ಹಸಿ ಮರಳು ಪೈಪನ್ನು ಒಳಗಿಂದಲೇ ತುಕ್ಕು ಹಿಡಿಸುತ್ತದೆ.

ಯಾರಿಗೆ ಯಾವುದು

ರಿಸೀವರ್, ಟಿವಿ, ಎರಡು ಸ್ಪೀಕರ್ ಅಷ್ಟೇ ಇದ್ದು ಸ್ವಂತ ಮನೆಯಲ್ಲಿ ಶೋಕೇಸ್ ಇದ್ದರೆ ಕಿಂಡಿ ಕೊರೆಸಿ ಅದನ್ನೇ ಬಳಸಿ, ಹೊಸದು ಬೇಡ. ಟರ್ನ್‌ಟೇಬಲ್ ಇದೆ, ಭಾರದ ಆಂಪ್ಲಿಫೈಯರ್ ಇದೆ, ವರ್ಷಗಟ್ಟಲೆ ಒಂದೇ ಕಡೆ ಇರುತ್ತದೆ ಅನ್ನುವವರು ಕಬ್ಬಿಣ, ಕಲ್ಲಿನ ದಾರಿ ಹಿಡಿಯಿರಿ. ಭಾರದ್ದು ಕೆಳಗೆ, ಟರ್ನ್‌ಟೇಬಲ್ ಮೇಲೆ. ಆಂಪ್ಲಿಫೈಯರ್‌ನ ಮೇಲಿನ ಜಾಲರಿಯ ಮೇಲೆ ಕಸೂತಿ ಬಟ್ಟೆ, ಹೂದಾನಿ ಇಡಬೇಡಿ ಅಂತ ಮನೆಯವರಿಗೂ ಹೇಳಿಡಿ. ಆಯುಧಪೂಜೆ ದಿನ ಅರಿಶಿನ ಕುಂಕುಮ ಮುಂಭಾಗಕ್ಕಿರಲಿ, ಜಾಲರಿ ಮೇಲೆ ಉದುರುವುದು ಬೇಡ.

ಬಾಡಿಗೆ ಮನೆಯವರಿಗೆ 50 ಕೆಜಿಯ ರ್ಯಾಕ್ ಕೇಳಿದರೆ ಭಯವಾಗುವುದು ಸಹಜ. ಅವರು ಅಂತಸ್ತಿನ ಚೌಕಟ್ಟನ್ನು ಕಾಲಿಗೆ ವೆಲ್ಡ್ ಮಾಡಿಸದೆ ಬೋಲ್ಟ್ ಹಾಕಿಸಿಕೊಂಡರೆ ಬಿಚ್ಚಿ ಒಯ್ಯಬಹುದು, ಕಲ್ಲಿನ ಬದಲು ಪ್ಲೈ ಹಾಕಿಸಿದರೆ ಭಾರ ಅರ್ಧಕ್ಕಿಂತ ಕಡಿಮೆ. ಕಲ್ಲೇ ಬೇಕು ಅಂದರೆ ಟೆಂಪೋದಲ್ಲಿ ಅದನ್ನು ಮಲಗಿಸಬೇಡಿ. ಅಂಚಿನ ಮೇಲೆ ನಿಲ್ಲಿಸಿ, ನಡುವೆ ಹಳೇ ಗೋಣಿಚೀಲ ಕೊಟ್ಟು, ಹಗ್ಗದಲ್ಲಿ ಬಿಗಿದು ಕಟ್ಟಿಸಿ.